ಮನೆಯಲ್ಲಿ ಹೇಳುವ ಪಕ್ಷ ಒಂದು, ಓಟು ಹಾಕುವ ಪಕ್ಷ ಇನ್ನೊಂದು: ಇದು ಸರಿಯಾ?

ಮಂಡ್ಯದ ಸೊಸೆ: ನಮ್ಮ ಮಾವನವರದು ತಲೆಮಾರಿನಿಂದ ಒಂದೇ ಪಕ್ಷ. 2023ರ ಮೇ 10ರಂದು ಓಟಿಗೆ ಹೊರಟಾಗ "ಯಾವುದಕ್ಕೆ ಅಂತ ಗೊತ್ತಲ್ಲಮ್ಮ" ಅಂದರು. "ಹೂಂ ಮಾವ" ಅಂದೆ. ಹಾಕಿದ್ದು ಬೇರೆಯವರಿಗೆ. ಗಂಡನಿಗೂ ಹೇಳಿಲ್ಲ. ತಪ್ಪಾ?

ಬಯಲುಸೀಮೆ ಹುಡುಗ: ಸುಮ್ಮನಿದ್ದರೆ ತಪ್ಪಿಲ್ಲ ಅಕ್ಕ. "ಹೂಂ" ಅಂದಿದ್ದು ಸುಳ್ಳು ಅಲ್ವಾ? ಮನೆಯಲ್ಲಿ ಇಷ್ಟು ಓಟು ಇದೆ ಅಂತ ಮಾವ ಊರಿನ ಮುಖಂಡರಿಗೆ ಮಾತು ಕೊಟ್ಟಿರುತ್ತಾರೆ.

ಮಂಡ್ಯದ ಸೊಸೆ: ನನ್ನ ಓಟಿಗೆ ಅವರು ಹೇಗೆ ಮಾತು ಕೊಡುತ್ತಾರೆ?

ನಿವೃತ್ತ ಮೇಷ್ಟ್ರು: ಚುನಾವಣೆ ಡ್ಯೂಟಿ ಮಾಡಿದವನು ನಾನು. ಗುಟ್ಟು ಕಾಯುವುದು ನಮ್ಮ ಕೆಲಸ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಿಬ್ಬಂದಿ ಬಾಯಿಬಿಟ್ಟರೆ 3 ತಿಂಗಳವರೆಗೆ ಜೈಲಾಗಬಹುದು. 2023ರ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತದಾನಕ್ಕೆ ಅವಕಾಶವಿತ್ತು. ಒಂದು ಮನೆಯಲ್ಲಿ ರಟ್ಟಿನ ಮರೆ ಇಟ್ಟು ಅಜ್ಜಿಗೆ ಮತಪತ್ರ ಕೊಟ್ಟೆವು. ಮಗ ಬಂದು ಬೆನ್ನ ಹಿಂದೆಯೇ ನಿಂತ. ಅವನನ್ನು ಜಗಲಿಗೆ ಕಳಿಸುವವರೆಗೂ ಅಜ್ಜಿ ಪೆನ್ನು ಮುಟ್ಟಲಿಲ್ಲ. ಆ ಅಜ್ಜಿ ಮಾಡಿದ್ದು ಸುಳ್ಳಾ?

ಮಲೆನಾಡಿಗ: ಮನೆಯವರಿಂದ ಮುಚ್ಚಿಡಬಹುದು ಸರ್, ಊರಿಂದ ಕಷ್ಟ. ಫಾರ್ಮ್ 20 ಅಂದರೆ ಅಂತಿಮ ಫಲಿತಾಂಶದ ಪಟ್ಟಿ, ಅದರಲ್ಲಿ ಬೂತ್‌ವಾರು ಲೆಕ್ಕ ಹೊರಗೆ ಬರುತ್ತದೆ. ನಮ್ಮದು ಸಣ್ಣ ಊರು, ಒಂದೇ ಬೂತು. ಎಣಿಕೆ ಮುಗಿದದ್ದೇ "ನಿಮ್ಮ ಕೇರಿಯವರೇ ಕೈಕೊಟ್ಟಿದ್ದು" ಅಂತ ಶುರು. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿ ಬೆರೆಸಿ ಎಣಿಸಲು ಅವಕಾಶವಿತ್ತು. 14 ಯಂತ್ರಗಳ ಮತ ಒಟ್ಟಿಗೆ ಕೂಡಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನೇ ಹೇಳಿತು. ನಾವು ಜಗಳ ಆಡಬೇಕಾದ್ದು ಇದಕ್ಕೆ. ಸೊಸೆಯಂದಿರನ್ನು ಯಾಕೆ ಕಟಕಟೆಗೆ ನಿಲ್ಲಿಸಬೇಕು?

ಬಯಲುಸೀಮೆ ಹುಡುಗ: ಮುಖಂಡರಿಂದ ಮುಚ್ಚಿಡಿ, ಒಪ್ಪಿದೆ. ಗಂಡನಿಂದಲೂ ಮುಚ್ಚಿಟ್ಟರೆ ಹೇಗೆ? ನಾಲ್ಕು ಗೋಡೆ ಒಳಗೂ ಭಿನ್ನವಾಗಿ ಮಾತಾಡೋಕೆ ಆಗದಿದ್ದರೆ ಇನ್ನೆಲ್ಲಿ ಮಾತಾಡುವುದು? ಮಾವನಿಗೂ ನೀವು ಹೀಗೆ ಯೋಚಿಸುತ್ತೀರಿ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ನಿವೃತ್ತ ಮೇಷ್ಟ್ರು: ಹೇಳಿದರೆ ಏನಾಗುತ್ತದೆ ಅಂತ ಗೊತ್ತಿರುವುದು ಆ ಮನೆಯಲ್ಲಿ ಇರುವವರಿಗೆ ಮಾತ್ರ.

ಮಂಡ್ಯದ ಸೊಸೆ: ಹೌದು ಸರ್. ಮೈದುನ 2018ರಲ್ಲಿ ಬಾಯಿಬಿಟ್ಟು ಹೇಳಿದ್ದ. ಮಾವ ಬೈಯಲಿಲ್ಲ, ಮಾತು ಬಿಟ್ಟರು. ಜಮೀನು ಪಾಲಿನ ಮಾತೂ ಅಲ್ಲಿಗೇ ನಿಂತಿದೆ. ಗಂಡನಿಗೆ ಹೇಳಿದರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳುತ್ತದೆ. ಮುಂದಿನ ಸಲವೂ "ಹೂಂ" ಅಂತಲೇ ಹೇಳುತ್ತೇನೆ.