ಕಡಲ ಸಿಂಹಗಳ ಡ್ರೋನ್ ಚಿತ್ರ: ಅಳತೆ ಏಕೆ ಬದಲಾಗುತ್ತದೆ?

ಪ್ರಶ್ನೆ: ಅಲಾಸ್ಕಾದ ಸ್ಟೆಲ್ಲರ್ ಕಡಲ ಸಿಂಹಗಳ ಮೈಕಟ್ಟನ್ನು ಡ್ರೋನ್ ಚಿತ್ರಗಳಿಂದ ಅಳೆಯುವಾಗ ಒಂದೇ ಪ್ರಾಣಿಯ ಉದ್ದ ಪ್ರತಿ ಹಾರಾಟದಲ್ಲೂ ಬೇರೆ ಬರುತ್ತಿದೆ. ಕಾರಣವೇನು? ಮರಿಗಳ ಎಣಿಕೆಗೂ ಇದೇ ಚಿತ್ರಗಳು ಸಾಕೇ?

ಉತ್ತರ 1: ಮೊದಲು ಎತ್ತರವನ್ನು ಅನುಮಾನಿಸಿ. ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) 4 ಮೈಕ್ರಾನ್ (0.004 ಮಿ.ಮೀ.), ಲೆನ್ಸ್‌ನ ನಾಭಿದೂರ 25 ಮಿ.ಮೀ., ಎತ್ತರ 50 ಮೀಟರ್ ಎಂದರೆ ನೆಲದ ಮೇಲೆ ಒಂದು ಪಿಕ್ಸೆಲ್ 8 ಮಿ.ಮೀ. ಎತ್ತರ 2.5 ಮೀಟರ್ ತಪ್ಪಿದರೆ ಉದ್ದವೂ ಶೇ. 5ರಷ್ಟು ತಪ್ಪುತ್ತದೆ. ಡ್ರೋನ್‌ನ ವಾಯುಭಾರಮಾಪಕ (ಗಾಳಿಯ ಒತ್ತಡದಿಂದ ಎತ್ತರ ಅಂದಾಜಿಸುವ ಸಾಧನ) ತೋರಿಸುವುದು ಡ್ರೋನ್ ಹೊರಟ ಜಾಗದಿಂದ ಎತ್ತರ. ನೀವು ಹಾರಿಸುವುದು ದೋಣಿಯಿಂದ, ಪ್ರಾಣಿ ಇರುವುದು ಬಂಡೆಯ ಮೇಲೆ! ಲೇಸರ್ ಎತ್ತರಮಾಪಕ ಅಳವಡಿಸಿ. ನೇರವಾಗಿ, ಹೊಟ್ಟೆಯ ಮೇಲೆ ಮಲಗಿದವನ್ನಷ್ಟೇ ಅಳೆಯಿರಿ. ಕತ್ತು ಬಗ್ಗಿದ್ದರೆ ಆ ಚಿತ್ರ ಬಿಡಿ.

ಉತ್ತರ 2: ಎಣಿಕೆಗೆ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ಸೂಕ್ತ: ಹೆಚ್ಚಿನ ಮರಿಗಳು ಹುಟ್ಟಿರುತ್ತವೆ, ಇನ್ನೂ ದಡದಲ್ಲೇ ಇರುತ್ತವೆ. ಬಂಡೆಯ ಸಂದಿಯಲ್ಲಿ ಅಡಗಿದವು ಒಂದೇ ಕೋನದಲ್ಲಿ ಕಾಣವು, ಹಾಗಾಗಿ ಒಂದೇ ಜಾಗ ಹಲವು ಚಿತ್ರಗಳಲ್ಲಿ ಬರುವಂತೆ ತೆಗೆಯಿರಿ. ದೊಡ್ಡವು ಕಡಲಲ್ಲೂ ಇರುವುದರಿಂದ ಅವುಗಳ ಎಣಿಕೆ ಒಟ್ಟು ಸಂಖ್ಯೆಯಲ್ಲ. ದಯವಿಟ್ಟು ತಗ್ಗಿ ಹಾರಿಸಬೇಡಿ. ಹಿಂಡು ಬೆದರಿ ಓಡಿದರೆ ಮರಿಗಳು ತುಳಿತಕ್ಕೆ ಸಿಗುತ್ತವೆ. ಪರವಾನಗಿಯೂ ಕಡ್ಡಾಯ.

ಉತ್ತರ 3: ಗಾಯ ಪತ್ತೆಗೂ ಡ್ರೋನ್ ಬಳಸುವುದಾದರೆ, ಥರ್ಮಲ್ ಕ್ಯಾಮೆರಾ (ಶಾಖವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ) ನೆಚ್ಚುವ ಮೊದಲು ಮೈ ಒಣಗಿದೆಯೇ ನೋಡಿ. ಒದ್ದೆ ತುಪ್ಪಳ ಗಾಯದ ಶಾಖವನ್ನು ಮರೆಮಾಚುತ್ತದೆ.