ಗಂಡಸರ ಸಲಾಡಿಗೆ ಉಪ್ಪು ಯಾವಾಗ?

ಶೀನ: ಕೇಳಿದ್ರಾ ಭಟ್ರೆ? ನಾಳೆಯಿಂದ ನಮ್ಮ ಗೌಡ್ರು ರಾತ್ರಿಗೆ ಬರೀ ಸಲಾಡ್ ಅಂತೆ.

ಗೌಡ್ರು: ಬರೀ ಅಂದೋನು ಯಾರೋ? ಮುದ್ದೆ ಜೊತೆಗೆ.

ಭಟ್ರು: ಅದನ್ನೇ ನಾವು ಕೋಸಂಬರಿ ಅನ್ನೋದು. ರಾಮನವಮಿ ದಿನ ದೊನ್ನೇಲಿ ಕೊಟ್ರೆ ಪ್ರಸಾದ, ಗಾಜಿನ ಬಟ್ಟಲಲ್ಲಿ ಕೊಟ್ರೆ ಮುನ್ನೂರು ರೂಪಾಯಿ.

ಶೀನ: ಅದರಲ್ಲಿ ಪ್ರೋಟೀನ್ ಎಲ್ಲಿದೆ ಭಟ್ರೆ, ಬರೀ ಸೌತೆಕಾಯಿ ನೀರು.

ಭಟ್ರು: ಬೇಳೆ ಕಣ್ಣಿಗೆ ಬೀಳಲ್ವೇನೋ? ನೂರು ಗ್ರಾಂ ಒಣ ಹೆಸರುಬೇಳೇಲಿ ಸುಮಾರು 24 ಗ್ರಾಂ ಪ್ರೋಟೀನು. ನಾಲ್ಕು ಜನಕ್ಕೆ ಹಂಚಿದ್ರೆ ತಲೆಗೆ ಆರು. ಒಂದು ಮೊಟ್ಟೆಯಷ್ಟು.

ಗೌಡ್ರು: ನಮ್ಮನೇಲಿ ಮಾಡಿದ್ರೆ ಕೋಸಂಬರಿ ಅಲ್ಲ, ಸಾರು ಆಗುತ್ತೆ. ತಟ್ಟೆ ತುಂಬ ನೀರು.

ಭಟ್ರು: ಉಪ್ಪು ಯಾವಾಗ ಹಾಕ್ತಾರೆ?

ಗೌಡ್ರು: ಹೆಚ್ಚಿದ ತಕ್ಷಣ.

ಭಟ್ರು: ಅಲ್ಲೇ ಕೆಟ್ಟಿದ್ದು. ಉಪ್ಪು ಬಿತ್ತು ಅಂದ್ರೆ ಸೌತೆಕಾಯಿ ಒಳಗಿನ ನೀರನ್ನೆಲ್ಲ ಹೊರಗೆ ಎಳೆಯುತ್ತೆ. ಕಾಲು ಗಂಟೇಲಿ ಕೆರೆ. ಬೇಳೆ ಒಂದು ಗಂಟೆ ನೆನೆದ್ರೆ ಸಾಕು, ಉಗುರಲ್ಲಿ ಒತ್ತಿದ್ರೆ ಪಟ್ ಅಂತ ತುಂಡಾಗಬೇಕು. ರಾತ್ರಿಯಿಡೀ ನೆನೆಸಿದ್ರೆ ಹಿಟ್ಟಾಗುತ್ತೆ, ಬೇಸಿಗೇಲಿ ಹುಳಿ ವಾಸನೆ ಬೇರೆ. ಜರಡೀಲಿ ಹತ್ತು ನಿಮಿಷ ಬಸಿಯೋಕೆ ಬಿಡಿ. ಎಳೆ ಸೌತೆಕಾಯಿ ಒಂದು, ತುದಿ ಕಚ್ಚಿ ಕಹಿ ನೋಡಿ; ಬಲಿತಿದ್ರೆ ಬೀಜ ಕೆರೆದು ಎಸೀರಿ. ತುರಿದ ಕ್ಯಾರೆಟ್ ಒಂದು, ಕಾಯಿತುರಿ ಮೂರು ಚಮಚ, ಒಂದಿಷ್ಟು ಕೊತ್ತಂಬರಿ ಸೊಪ್ಪು. ಒಂದು ಚಮಚ ಎಣ್ಣೇಲಿ ಸಾಸಿವೆ, ಇಂಗು, ಹಸಿಮೆಣಸು. ಒಗ್ಗರಣೆ ಆರಿದ ಮೇಲೆ ಸುರೀರಿ, ಬಿಸಿ ಸುರಿದ್ರೆ ಕೊತ್ತಂಬರಿ ಬಾಡಿ ಮುದುಡುತ್ತೆ. ಅರ್ಧ ನಿಂಬೆಹಣ್ಣು, ಅರ್ಧ ಚಮಚ ಉಪ್ಪು, ಎರಡೂ ಎಲೆಗೆ ಬಡಿಸೋ ಹೊತ್ತಿಗೆ.

ಶೀನ: ಎಣ್ಣೆ ಬೇಡ ಭಟ್ರೆ, ಜಿಮ್‌ನಲ್ಲಿ ಬೈತಾರೆ.

ಭಟ್ರು: ಬೈಯಲಿ. ಕ್ಯಾರೆಟ್ಟಲ್ಲಿ ಬೀಟಾ ಕ್ಯಾರೋಟೀನ್ ಅಂತ ಇದೆ, ಮೈಯೊಳಗೆ ಎ ವಿಟಮಿನ್ ಆಗೋದು ಅದೇ; ಅದು ಮೈಗೆ ಹತ್ತೋಕೆ ಸ್ವಲ್ಪ ಜಿಡ್ಡು ಬೇಕು. ನೀನು ಮೇಲೆ ಹಿಂಡ್ಕೊಳ್ತೀಯಲ್ಲ ಮೇಯನೇಸ್, ಅದೇನು ಗಂಗಾಜಲಾನಾ?

ಗೌಡ್ರು: ನಿಂಬೆಹಣ್ಣು ಬರೀ ರುಚಿಗಾ?

ಭಟ್ರು: ಅದರ ಸಿ ವಿಟಮಿನ್ನು ಬೇಳೆಯ ಕಬ್ಬಿಣ ಮೈಗೆ ಹತ್ತೋ ಹಾಗೆ ಮಾಡುತ್ತೆ. ಆದ್ರೆ ಗಂಡಸರಿಗೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ, ಹೆಂಗಸರಿಗೆ 29. ಮೊದಲು ಮನೆಯವರಿಗೆ ಬಡಿಸಿ ಗೌಡ್ರೆ, ಆಮೇಲೆ ನೀವು ಕೂತ್ಕೊಳ್ಳಿ.

ಶೀನ: ಕುಂಬಳಬೀಜ ಉದುರಿಸಿದ್ರೆ ಗಂಡಸರಿಗೆ... ಅದು... ಶಕ್ತಿ ಅಂತಾರಲ್ಲ?

ಗೌಡ್ರು: ಮೀಸೆ ಕೆಳಗೆ ಯಾಕೋ ಗೊಣಗ್ತೀಯ, ಜೋರಾಗಿ ಕೇಳು!

ಭಟ್ರು: ಅದರಲ್ಲಿ ಸತು, ಅಂದ್ರೆ ಜಿಂಕ್ ಇದೆ, ಅದಕ್ಕೇ ಹೆಸರು. ಗಂಡಸಿಗೆ ದಿನಕ್ಕೆ ಬೇಕಾದ್ದು 17 ಮಿಲಿಗ್ರಾಂ, ಒಂದು ದೊಡ್ಡ ಚಮಚ ಬೀಜದಲ್ಲಿ ಒಂದು ಮಿಲಿಗ್ರಾಮೂ ಬರಲ್ಲ. ಹುರಿದು ಹಾಕ್ಕೋ, ಕುರುಕುರು ಅನ್ನುತ್ತೆ. ಅಷ್ಟೇ, ಮದುವೆ ದಲ್ಲಾಳಿ ಕೆಲಸ ಅದು ಮಾಡಲ್ಲ.

ಗೌಡ್ರು: ಟೊಮ್ಯಾಟೊ ಪ್ರಾಸ್ಟೇಟಿಗೆ ಒಳ್ಳೇದಂತೆ?

ಭಟ್ರು: ಹಂಗೆ ಖಡಾಖಂಡಿತ ಹೇಳೋಕಾಗಲ್ಲ. ಅದಕ್ಕೆ ಕೆಂಪು ಬಣ್ಣ ಕೊಡೋ ಲೈಕೋಪೀನ್ ಹಸಿಗಿಂತ ಎಣ್ಣೇಲಿ ಬೆಂದಾಗ ಚೆನ್ನಾಗಿ ಹತ್ತುತ್ತೆ ಅನ್ನೋದು ಮಾತ್ರ ನಿಜ. ಗೊಜ್ಜು ಮಾಡಿಸ್ಕೊಳ್ಳಿ.

ಶೀನ: ಬೀಟ್ರೂಟು?

ಭಟ್ರು: ಅದರ ನೈಟ್ರೇಟು ರಕ್ತನಾಳ ಸಡಿಲಿಸಿ ಬಿಪಿ ಚೂರು ಇಳಿಸುತ್ತೆ. ಆದ್ರೆ ಕಲ್ಲು ಕಟ್ಟಿಸೋ ಆಕ್ಸಲೇಟೂ ಜಾಸ್ತಿ, ಕಿಡ್ನೀಲಿ ಕಲ್ಲಾದೋರು ಹುಷಾರಾಗಿರ್ಬೇಕು. ಕಲ್ಲು ಹೆಚ್ಚಾಗಿ ಗಂಡಸರಿಗೇ ಆಗೋದು. ಮತ್ತೆ ಮಾರನೆ ಬೆಳಿಗ್ಗೆ ಮೂತ್ರ ಕೆಂಪಗೆ ಕಂಡ್ರೆ, ಆಂಬುಲೆನ್ಸಿಗೆ ಫೋನ್ ಮಾಡೋ ಮುಂಚೆ ರಾತ್ರಿ ಏನು ತಿಂದೆ ಅಂತ ನೆನಪಿಸ್ಕೊಳ್ಳಿ.

ಗೌಡ್ರು: ಆಯ್ತು, ಕೋಸಂಬರೀನೇ. ಎರಡು ಬಟ್ಟಲು ತಿಂದ್ರೆ ಮುದ್ದೆ ಒಂದು ಕಮ್ಮಿ ಮಾಡ್ಬೇಕಾ?

ಭಟ್ರು: ಈಗ ಎಷ್ಟು?

ಗೌಡ್ರು: ...ಮೊದಲು ಉಪ್ಪಿನ ವಿಷಯ ಇನ್ನೊಂದ್ಸಲ ಹೇಳಿ ಭಟ್ರೆ.