ಕಲ್ಪಿತ ದೇಶದ ರಾಷ್ಟ್ರವಾದಿ ಪಕ್ಷವು ಗಡಿಯ ಜನರನ್ನು ಹೇಗೆ ಕಾಣುತ್ತದೆ?

ಪ್ರಶ್ನೆ (ಪೆರ್ಲದ ಓದುಗ):
ಮಾನ್ಯರೇ, ನಮ್ಮೂರ ವಾಚನಾಲಯದ ವಾರ್ಷಿಕೋತ್ಸವಕ್ಕಾಗಿ ನಾಟಕವೊಂದನ್ನು ಬರೆಯುತ್ತಿದ್ದೇನೆ. ಕಥೆ ನಡೆಯುವುದು ತಾಮ್ರಗಿರಿ ಎಂಬ ಕಲ್ಪಿತ ದೇಶದಲ್ಲಿ. ಅಲ್ಲಿನ ಸ್ವದೇಶ ಪರಂಪರಾ ಪಕ್ಷವು ಊರ ದೇವಸ್ಥಾನ, ಕುಟುಂಬ, ಕೃಷಿಭೂಮಿ, ಹಿರಿಯರ ನಡೆನುಡಿಗಳನ್ನು ಉಳಿಸಿಕೊಡುವುದಾಗಿ ಹೇಳಿ ಅಧಿಕಾರಕ್ಕೆ ಬಂದಿದೆ. ಬೇರೆ ಭಾಷೆಯಾಡುವ ಗಡಿ ತಾಲೂಕಿನವರೂ ಅದನ್ನೇ ನಂಬಿ ಮತ ಹಾಕಿದ್ದಾರೆ. ಎರಡನೆಯ ಅಂಕದಲ್ಲಿ ಸರಕಾರ ದೇಶಕ್ಕೆಲ್ಲ ಒಂದೇ ಭಾಷೆಯೆಂಬ ಕಾನೂನು ತರುತ್ತದೆ. ನಾಯಕನನ್ನು ಬರಿಯ ಖಳನನ್ನಾಗಿಸಲು ನನಗೆ ಮನಸ್ಸಿಲ್ಲ. ಇಂಥ ಪಕ್ಷ ಒಳಗೊಳಗೆ ಹೇಗೆ ಯೋಚಿಸುತ್ತದೆ?

ಉತ್ತರ 1 (ಮಂಜೇಶ್ವರದಿಂದ):
ತಮ್ಮ ಪಕ್ಷದೊಳಗೆ ಎರಡು ಆಸೆಗಳಿವೆ, ಅವು ಸದಾ ಹೊಂದಿಕೊಂಡಿರುವುದಿಲ್ಲ. ಇದ್ದುದನ್ನು ಇದ್ದ ಹಾಗೆ ಉಳಿಸಬೇಕೆನ್ನುವವನಿಗೆ ಗಡಿಯವರ ಭಾಷೆಯೂ ಉಳಿಸತಕ್ಕ ಪರಂಪರೆಯೇ. ದೇಶವೆಲ್ಲ ಒಂದಾಗಬೇಕೆನ್ನುವವನಿಗೆ ಅದೇ ಭಾಷೆ ತೊಡಕು. ಶ್ರೀಲಂಕಾದ ಇತಿಹಾಸವನ್ನು ದಯವಿಟ್ಟು ಓದಿ. 1956ರ ಚುನಾವಣೆಯಲ್ಲಿ, ಮುಂದೆ ಪ್ರಧಾನಿಯಾದ ಬಂಡಾರನಾಯಕೆಯವರು ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿಸುವ ಭರವಸೆ ನೀಡಿದರು. ಅವರನ್ನು ಎದುರಿಸಬೇಕಾಗಿದ್ದ ಸಂಪ್ರದಾಯವಾದಿ ಪಕ್ಷವಾದ ಯುಎನ್‌ಪಿಯೂ (ಯುನೈಟೆಡ್ ನ್ಯಾಷನಲ್ ಪಾರ್ಟಿ) ಚುನಾವಣೆಯ ಹೊತ್ತಿಗೆ ಅದೇ ನಿಲುವಿಗೆ ಬಂದಿತು. ಗೆದ್ದ ಬಂಡಾರನಾಯಕೆಯವರು ಕಾನೂನು ಮಾಡಿದರು, 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಅವರೊಡನೆ, ತಮಿಳಿಗೂ ಒಂದಿಷ್ಟು ಸ್ಥಾನ ಕೊಡುವ ಒಪ್ಪಂದಕ್ಕೂ ಬಂದರು. ಆದರೆ ಬೌದ್ಧ ಭಿಕ್ಷುಗಳ ಪ್ರತಿಭಟನೆಗೆ ಮಣಿದು 1958ರಲ್ಲಿ ಆ ಒಪ್ಪಂದವನ್ನು ಕೈಬಿಡಬೇಕಾಯಿತು. ಮರುವರ್ಷ ಅವರನ್ನು ಕೊಂದವನು ಒಬ್ಬ ಭಿಕ್ಷು. ತಮ್ಮ ನಾಯಕನೂ ಹೀಗೆಯೇ, ತಾನೇ ಹುರಿದುಂಬಿಸಿದ ಜನರ ಮುಂದೆ ಒಂದು ಹೆಜ್ಜೆ ಹಿಂದೆ ಸರಿಯಲಾರದವನಾದರೆ ಖಳನಾಗಬೇಕಾದ ಅಗತ್ಯವೇ ಇಲ್ಲ.

ಉತ್ತರ 2 (ಕುಂಬಳೆ, ನಿವೃತ್ತ ಅಧ್ಯಾಪಕ):
ಮೇಲಿನವರು ಬರೆದುದನ್ನು ಒಪ್ಪುತ್ತೇನೆ. ಇನ್ನೊಂದು ಮುಖವೂ ಇದೆ. ರಾಷ್ಟ್ರವಾದಿ ಪಕ್ಷಗಳು ಗಡಿಯಾಚೆಗಿರುವ ತಮ್ಮವರಿಗಾಗಿ ಬಹಳ ಮರುಗುತ್ತವೆ. ಹಂಗೇರಿಯ ಗಡಿಯನ್ನು ಕುಗ್ಗಿಸಿದ 1920ರ ಟ್ರಿಯಾನಾನ್ ಒಪ್ಪಂದದಿಂದ ನೆರೆದೇಶಗಳಲ್ಲಿ ಉಳಿದುಹೋದ ಹಂಗೇರಿಯನ್ನರ ವಂಶಸ್ಥರಿಗೆ ಹಂಗೇರಿಯ ರಾಷ್ಟ್ರವಾದಿ ಪಕ್ಷವಾದ ಫಿದೆಸ್‌ನ ಸರಕಾರ 2010ರಲ್ಲಿ ಸುಲಭವಾಗಿ ಪೌರತ್ವ ಸಿಗುವಂತೆ ಕಾನೂನು ತಿದ್ದಿತು. 2014ರ ಚುನಾವಣೆಯಲ್ಲಿ ಅವರು ಮತವನ್ನೂ ಹಾಕಿದರು. ತಾಮ್ರಗಿರಿಯ ಪಕ್ಷ ಹೊಳೆಯಾಚೆಯ ತನ್ನ ಭಾಷಿಕರಿಗೆ ಶಾಲೆ ಬೇಡುತ್ತಿರುವಾಗಲೇ ಈಚೆಯವರ ಶಾಲೆಯನ್ನು ಮುಚ್ಚಿದರೆ ನಾಟಕದ ಸಂಘರ್ಷ ತಾನಾಗಿ ಮೂಡುತ್ತದೆ.

ಕಾಸರಗೋಡಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ (ಇಂದಿನ ಕರ್ನಾಟಕಕ್ಕೆ) ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಆದರೆ ಅಳುವ ಗಡಿನಾಡನ್ನಷ್ಟೇ ರಂಗಕ್ಕೆ ತರಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಲ್ಲಿನ ಮನೆಯೊಂದರಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ತಾಳಮದ್ದಳೆಯಲ್ಲಿ ಕನ್ನಡ ಸಲೀಸಾಗಿ ನಡೆಯುತ್ತದೆ. ಈ ಸಹಜತೆಯನ್ನು ಮೊದಲ ಅಂಕದಲ್ಲಿ ಧಾರಾಳವಾಗಿ ತೋರಿಸಿದರೆ ಮಾತ್ರ ಕಾನೂನು ಏನನ್ನು ಕಸಿದುಕೊಂಡಿತೆಂದು ಪ್ರೇಕ್ಷಕರಿಗೆ ತಿಳಿದೀತು.

ಉತ್ತರ 3 (ಮುಳ್ಳೇರಿಯದಿಂದ):
ಕಾನೂನನ್ನು ಭಾಷಣದಲ್ಲಿ ಸಾರಬೇಡಿ, ತರಗತಿಯಲ್ಲಿ ತೋರಿಸಿ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗ ನನ್ನ ಮಗಳು ಗಣಿತದ ಲೆಕ್ಕವನ್ನು ಕರಿಹಲಗೆಯಿಂದ ಅಂಕಿಗಳಷ್ಟೇ ನಕಲು ಮಾಡಿಕೊಂಡು ಬರುತ್ತಿದ್ದಳು. ನಡುವಿನ ವಿವರಣೆಯ ಸಾಲುಗಳು ಪುಸ್ತಕದಲ್ಲಿ ಇರುತ್ತಿರಲಿಲ್ಲ. ಆ ಅಧ್ಯಾಪಕರು ಒಳ್ಳೆಯವರೇ, ಅವರಿಗೂ ಸಂಕಟವಿತ್ತು. ತಮ್ಮ ಪಕ್ಷದ ಗಡಿ ಘಟಕದ ಅಧ್ಯಕ್ಷನ ಮಗುವೂ ಅದೇ ತರಗತಿಯಲ್ಲಿರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಗಡಿ ಘಟಕದ ಅಧ್ಯಕ್ಷನನ್ನೇ ಮುಖ್ಯ ಪಾತ್ರವಾಗಿಸುತ್ತೇನೆ. ಅವನು ರಾಜೀನಾಮೆ ಕೊಡುವುದಿಲ್ಲ. ಪಕ್ಷದ ಪ್ರಣಾಳಿಕೆಯನ್ನೇ ಹಿಡಿದು ರಾಜಧಾನಿಯ ಸಭೆಗೆ ಹೋಗಿ, ಹಿರಿಯರ ನಡೆನುಡಿಯನ್ನು ಉಳಿಸುತ್ತೇವೆಂಬ ಸಾಲು ತನ್ನ ತಾಲೂಕಿಗೆ ಅನ್ವಯಿಸುತ್ತದೆಯೇ ಎಂದು ನಾಯಕನನ್ನು ಕೇಳುತ್ತಾನೆ. ಮೂರನೆಯ ಅಂಕವನ್ನು ಅಲ್ಲಿಂದ ಆರಂಭಿಸುವೆ.